ಇಂಧನ ಮಾಪಕ ಕೆಟ್ಟಿದ್ದರೆ ಹಾರಬಹುದೇ?

ಗಾಳಿಪಟ: ಅಮೆರಿಕದಲ್ಲಿ ನೋಂದಣಿಯಾದ, ಒಂದೇ ಎಂಜಿನ್ನಿನ ನಾಲ್ಕು ಆಸನಗಳ ವಿಮಾನ. ಎಡ ಟ್ಯಾಂಕಿನ ಇಂಧನ ಮಾಪಕದ ಮುಳ್ಳು ಸೊನ್ನೆಯಿಂದ ಮೇಲೇಳುತ್ತಿಲ್ಲ. ಲ್ಯಾಂಡಿಂಗ್ ದೀಪವೂ ಸುಟ್ಟಿದೆ. ಹಗಲು, ತಿಳಿಯಾದ ಆಕಾಶ. ಅಳತೆಕಡ್ಡಿ ಅದ್ದಿ ನೋಡಿದರೆ ಟ್ಯಾಂಕ್ ಭರ್ತಿ. ಹಾರಲು ಏನಡ್ಡಿ?

ರನ್‌ವೇ 27: ದೀಪದ್ದೇನೂ ತಕರಾರಿಲ್ಲ. ಅಮೆರಿಕದ ವಿಮಾನಯಾನ ನಿಯಮಾವಳಿಯ 91.205ನೇ ನಿಯಮ ಅದನ್ನು ಕೇಳುವುದು ರಾತ್ರಿ ಹೊತ್ತು, ಅದೂ ಬಾಡಿಗೆಗೆ ಹಾರಿಸುವಾಗ. ಪ್ರತಿ ಟ್ಯಾಂಕಿಗೂ ಮಾಪಕ ಬೇಕೆಂಬುದು ಮಾತ್ರ ಹಗಲಿನ ಪಟ್ಟಿಯಲ್ಲೇ ಇದೆ, ವೇಗಮಾಪಕ, ಎತ್ತರಮಾಪಕ, ದಿಕ್ಸೂಚಿಗಳ ಜೊತೆಗೆ.

ಗಾಳಿಪಟ: ಆ ಮುಳ್ಳನ್ನು ನಂಬುವವರು ಯಾರು? ತಿರುವಿನಲ್ಲಿ ಕುಣಿಯುತ್ತದೆ. ಎಲ್ಲರೂ ಲೆಕ್ಕ ಹಾಕುವುದು ಕಡ್ಡಿ, ಗಡಿಯಾರ ಹಿಡಿದೇ.

ಸ್ಪ್ಯಾನರ್: ಕಡ್ಡಿ ಹೇಳುವುದು ನೆಲದ ಮೇಲಿನ ಲೆಕ್ಕ. ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರದೆ ರೆಕ್ಕೆಯ ಮೇಲಿನ ಗಾಳಿ ಇಂಧನವನ್ನು ಹೀರುತ್ತಿದ್ದರೆ ಗಡಿಯಾರಕ್ಕೆ ಏನು ಗೊತ್ತಾಗುತ್ತದೆ? ದೀಪವನ್ನೂ ಹಾಗೆಯೇ ಬಿಡುವಂತಿಲ್ಲ. 91.213ರ ಪ್ರಕಾರ ಅದನ್ನು ಕಳಚಬೇಕು, ಇಲ್ಲವೇ ನಿಷ್ಕ್ರಿಯಗೊಳಿಸಿ ‘ಕೆಲಸ ಮಾಡುವುದಿಲ್ಲ’ ಎಂಬ ಚೀಟಿ ಅಂಟಿಸಬೇಕು. ವಿಮಾನದ ಕೈಪಿಡಿಯಲ್ಲಿರುವ ಸಲಕರಣೆಗಳ ಪಟ್ಟಿಯನ್ನೂ ನೋಡಿ.

ಗಾಳಿಪಟ: ದೊಡ್ಡ ವಿಮಾನಗಳು ಕೆಟ್ಟ ಸಾಧನಗಳನ್ನು ಹೊತ್ತು ದಿನಗಟ್ಟಲೆ ಹಾರುತ್ತವೆ. ಕಾನೂನೆಲ್ಲ ನನ್ನ ಒಂದು ಮುಳ್ಳಿಗೆ ಮಾತ್ರವೇ?

ಬಲ ಆಸನ: ಅವುಗಳಿಗೆ ಎಂಇಎಲ್ ಎಂಬ ಪಟ್ಟಿ ಇರುತ್ತದೆ. ಯಾವುದು ಕೆಟ್ಟರೆ ಯಾವ ಷರತ್ತಿನ ಮೇಲೆ ಹಾರಬಹುದು, ಎಷ್ಟು ದಿನದೊಳಗೆ ರಿಪೇರಿಯಾಗಬೇಕು ಎಂಬುದೆಲ್ಲ ಅದರಲ್ಲೇ. ಬಿ ವರ್ಗದ ದೋಷಕ್ಕೆ 3 ದಿನ, ಸಿಗೆ 10, ಡಿಗೆ 120. ದೋಷ ದಾಖಲಾದ ದಿನ ಲೆಕ್ಕಕ್ಕಿಲ್ಲ.

ಸ್ಪ್ಯಾನರ್: ಆ ಪಟ್ಟಿಯೂ ರೋಗವನ್ನು ಬಿಟ್ಟು ಲಕ್ಷಣವನ್ನಷ್ಟೇ ಮುಚ್ಚಿಬಿಡಬಹುದು. 2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಲ್ಲಿ ಸ್ಪ್ಯಾನ್‌ಏರ್‌ನ ಎಂಡಿ-82 ನೆಲದಲ್ಲಿದ್ದಾಗಲೇ, ಹಾರುವಾಗಷ್ಟೇ ಬಿಸಿಯಾಗಬೇಕಾದ ಅದರ ತಾಪಮಾನ ಶೋಧಕದ ಹೀಟರ್ ಬಿಸಿಯಾಗುತ್ತಿತ್ತು. ಹಿಮ ಕಟ್ಟುವ ಹವೆಯಲ್ಲ ಎಂದು ಹೀಟರಿನ ವಿದ್ಯುತ್ ತಪ್ಪಿಸಿ, ಎಂಇಎಲ್ ಪ್ರಕಾರವೇ ವಿಮಾನವನ್ನು ಬಿಟ್ಟರು. ಟೇಕಾಫ್‌ಗೆ ಫ್ಲ್ಯಾಪ್ (ಮೇಲೇಳಲು ನೆರವಾಗುವ ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸಿರಲಿಲ್ಲ, ಅದನ್ನು ನೆನಪಿಸುವ ಎಚ್ಚರಿಕೆಯ ಸದ್ದೂ ಬರಲಿಲ್ಲ. 154 ಮಂದಿ ಸತ್ತರು. ಹೀಟರ್ ಕೆಟ್ಟಿದ್ದಕ್ಕೂ ಸದ್ದು ಬಾರದ್ದಕ್ಕೂ ಒಂದೇ ರಿಲೇ (ವಿದ್ಯುತ್ ಸ್ವಿಚ್) ಕಾರಣವಾಗಿರಬಹುದು ಎಂಬ ಅನುಮಾನ ತನಿಖೆಯಲ್ಲಿ ಬಂತು, ಖಚಿತವಾಗಲಿಲ್ಲ.

ರನ್‌ವೇ 27: ಅದನ್ನು ಎಂಇಎಲ್ ತಲೆಗೆ ಕಟ್ಟುವುದು ಸರಿಯಲ್ಲ. ಫ್ಲ್ಯಾಪ್ ಇಳಿಸಲು ಮರೆತವರು ಪೈಲಟ್‌ಗಳು.

ಸ್ಪ್ಯಾನರ್: ಮರೆಯುತ್ತಾರೆಂದೇ ಅಲ್ಲವೇ ಆ ಸದ್ದನ್ನು ಇಟ್ಟಿರುವುದು?

ಗಾಳಿಪಟ: ಸರಿ, ಮಾಪಕ ರಿಪೇರಿಯಾಗಲಿ. ಆದರೆ ಮೆಕ್ಯಾನಿಕ್ ಇರುವುದು ಬೇರೆ ನಿಲ್ದಾಣದಲ್ಲಿ!

ರನ್‌ವೇ 27: ಅದಕ್ಕೆಂದೇ ವಿಶೇಷ ಹಾರಾಟ ಪರವಾನಗಿ ಇದೆ. ಅರ್ಜಿ ಹಾಕಿ. ಪ್ರಯಾಣಿಕರನ್ನು ಮಾತ್ರ ಕೂರಿಸಿಕೊಳ್ಳಬೇಡಿ.