ಪದ ಬೇಕು: ‘ಚೈಲ್ಡ್‌ಪ್ರೂಫ್ ಹ್ಯಾಂಡ್‌ಗನ್’ (ಶುಕ್ರವಾರದೊಳಗೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ನ್ಯೂಜೆರ್ಸಿಯ ಕನ್ನಡ ಮನೆಗಳಿಗೆ ಹಂಚಲು ಬಂದೂಕು ಸುರಕ್ಷತೆಯ ಕರಪತ್ರವೊಂದನ್ನು ಅನುವಾದಿಸುತ್ತಿದ್ದೇನೆ. ಮಕ್ಕಳು ಆಡಲು ಹೋಗುವ ಮನೆಯಲ್ಲಿ ಬಂದೂಕು ಇದೆಯಾ, ಬೀಗದಲ್ಲಿದೆಯಾ ಅಂತ ಕೇಳಲು ನಮ್ಮವರಿಗೆ ತುಂಬ ಸಂಕೋಚ. ಊರಿಂದ ಬಂದು ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿ ತಾತಂದಿರಿಗೂ ಓದಿದ ಕೂಡಲೇ ತಿಳಿಯಬೇಕು. 2002ರ ಇಲ್ಲಿನ ಕಾನೂನಿನ ಹೆಸರಲ್ಲೇ ‘ಚೈಲ್ಡ್‌ಪ್ರೂಫ್ ಹ್ಯಾಂಡ್‌ಗನ್’ ಅಂತಿದೆ, ಅಂದರೆ ಮಕ್ಕಳು ಬಳಸಲಾಗದಂತೆ ಮಾಡಿದ ಪಿಸ್ತೂಲು. ‘ಮಕ್ಕಳ ಸುರಕ್ಷಿತ ಪಿಸ್ತೂಲು’ ಅಂದರೆ ಮಕ್ಕಳಿಗೆಂದೇ ಮಾಡಿದ್ದು ಅನ್ನಿಸುತ್ತದೆ. ಏನನ್ನಲಿ? ಶುಕ್ರವಾರ ಅಚ್ಚಿಗೆ ಹೋಗುತ್ತದೆ.
— ಎಡಿಸನ್‌ನಿಂದ

‘ಶಿಶುನಿರೋಧಕ ಕೈಬಂದೂಕು’. ಜಲನಿರೋಧಕ, ಅಗ್ನಿನಿರೋಧಕ ಇರುವಾಗ ಇದಕ್ಕೇನು ಕಷ್ಟ?
— ಮೈಸೂರಿನಿಂದ

ಆಗದು. ನಿರೋಧ್ ಕಾಂಡೋಮಿನ ಜಾಹೀರಾತು ನೋಡಿ ಬೆಳೆದ ಅಜ್ಜಿ ತಾತಂದಿರು ಇದನ್ನು ಕುಟುಂಬ ಯೋಜನೆ ಅಂತಲೇ ಓದುತ್ತಾರೆ. ಬಂದೂಕೂ ಬೇಡ, ಪಾರಸಿಯಿಂದ ಬಂದದ್ದು. ಪಿಸ್ತೂಲು ಯುರೋಪಿನದು. ನಮ್ಮದೇ ಕೋವಿ ಇದೆ. ಕೋವಿ ಅಂದರೆ ಕೊಳವೆ, ಎಷ್ಟು ನೇರವಾದ ಮಾತು! ‘ಮಕ್ಕಳಿಗೊಗ್ಗದ ಕೈಕೋವಿ’ ಅನ್ನಿ.
— ಧಾರವಾಡದಿಂದ

‘ಒಗ್ಗದ’ ಅನ್ನುವುದು ಊಟಕ್ಕೆ, ಹವೆಗೆ. ಪಿಸ್ತೂಲಿಗಲ್ಲ. ಕೋವಿ ಅಂದರೆ ನಮ್ಮ ಕಡೆ ಹೆಗಲಿಗೆ ಹಾಕುವ ಉದ್ದನೆಯದು. ಕೈಲ್ ಪೊಳ್ದ್ ದಿನ, ಅಂದರೆ ಕೊಡವರ ಆಯುಧಪೂಜೆಯ ಹಬ್ಬದಂದು, ಅದಕ್ಕೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆ ‘ತೋಕ್’ ಕೂಡ ತುಪಾಕಿಯ ಬಳಗದ್ದೇ, ತುರ್ಕಿ ಕಡೆಯದು. ಕೋವಿಗೆ ಪೂಜೆ ಮಾಡುವ ಕೊಡವರ ಮಾತೇ ಹೊರಗಿನ ಹೆಸರನ್ನು ಒಳಗೆ ಕರೆದುಕೊಂಡಿದೆ. ನಿಮಗೆ ಪಿಸ್ತೂಲು ಯಾಕೆ ಕಹಿ?

ಅದಿರಲಿ, ವಸ್ತು ಏನು ಅಂತ ಇಬ್ಬರೂ ನೋಡಲೇ ಇಲ್ಲ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಅಮೆರಿಕದ ಇನ್ನೊಂದು ರಾಜ್ಯ ಮ್ಯಾಸಚೂಸೆಟ್ಸ್‌ನ ನಿಯಮದಂತೆ ಐದು ವರ್ಷದ ಸಾಮಾನ್ಯ ಮಗುವಿಗೆ ಪಿಸ್ತೂಲು ಹಾರಿಸಲು ಆಗಬಾರದು. ಟ್ರಿಗರ್ ಎಳೆಯಲು 10 ಪೌಂಡ್ ಬಲ ಬೇಕಾಗುವಂತೆ ಮಾಡಬಹುದು. ಪುಟ್ಟ ಕೈಗೆ ನಿಲುಕದಂತೆ ಮಾಡಬಹುದು. ಒಂದಾದ ಮೇಲೊಂದು ಹಲವು ಕೆಲಸ ಮಾಡಿದರೇ ಹಾರುವಂತೆಯೂ ಮಾಡಬಹುದು. ನ್ಯೂಜೆರ್ಸಿಯದು ಹಾಗಲ್ಲ. ಹೆಸರಲ್ಲಿ ಮಗು ಇದೆ, ಒಳಗೆ ಕೇಳುವುದು ಬಳಸುವವರನ್ನು ಗುರುತಿಸುವ ಪಿಸ್ತೂಲು. ಅಂಥದ್ದು ಅಮೆರಿಕದಲ್ಲಿ ಎಲ್ಲೇ ಮಾರಾಟಕ್ಕೆ ಬಂದರೂ, 3 ವರ್ಷದ ನಂತರ ನ್ಯೂಜೆರ್ಸಿ ಅಂಗಡಿಗಳು ಅಂಥ ಪಿಸ್ತೂಲನ್ನು ಮಾತ್ರ ಮಾರಬೇಕು ಅಂತಿತ್ತು. ಜರ್ಮನಿಯ ಆರ್ಮಾಟಿಕ್ಸ್ ಕಂಪನಿಯ ಐಪಿ1 ಪಿಸ್ತೂಲು ತನ್ನ ಕೈಗಡಿಯಾರ ಹತ್ತಿರವಿದ್ದರೆ ಮಾತ್ರ ಹಾರುತ್ತಿತ್ತು. 2014ರಲ್ಲಿ ಅದನ್ನು ಮಾರುತ್ತೇನೆ ಅಂದ ಮೇರಿಲ್ಯಾಂಡಿನ ಅಂಗಡಿಯವರಿಗೆ, ಇದರಿಂದ ನ್ಯೂಜೆರ್ಸಿಯ ಕಡ್ಡಾಯ ಜಾರಿಯಾಗುತ್ತದೆ ಅಂತ ಸಿಟ್ಟಾದವರಿಂದ ಕೊಲೆ ಬೆದರಿಕೆ ಬಂತು, ಅವರು ಕೈಬಿಟ್ಟರು. 2019ರಲ್ಲಿ ನ್ಯೂಜೆರ್ಸಿಯವರು ಆ ಕಡ್ಡಾಯವನ್ನೇ ತೆಗೆದರು. ಒಪ್ಪಿಗೆ ಸಿಕ್ಕ ಮಾದರಿ ಬಂದಾಗ ಪ್ರತಿ ಅಂಗಡಿಯೂ ಒಂದನ್ನಾದರೂ ಇಡಬೇಕು ಅಂತ ಬದಲಾಯಿಸಿದರು.

ಹಾಗಾಗಿ ಮೊದಲನೆಯದು ‘ಮಕ್ಕಳ ಕೈಯಲ್ಲಿ ಹಾರದ ಪಿಸ್ತೂಲು’, ಎರಡನೆಯದು ‘ಗುರುತಿನ ಕೈಗೆ ಮಾತ್ರ ಹಾರುವ ಪಿಸ್ತೂಲು’. ಒಂದೇ ಪದ ಹಾಕಿದರೆ ಓದುವವರಿಗೆ ಮೋಸ.
— ಮಡಿಕೇರಿಯಿಂದ

ಇವು ಪದಗಳಲ್ಲ, ವಿವರಣೆ. ಟ್ರಿಗರ್ ಅಂದಿರಲ್ಲ, ಅದಕ್ಕೆ ‘ಕುದುರೆ’ ಇಲ್ಲವೇ? ಇರುವ ಪದವನ್ನೂ ಬಿಟ್ಟುಕೊಟ್ಟರೆ ನಾಳೆ ಕನ್ನಡದಲ್ಲಿ ಉಳಿಯುವುದು ಬರೀ ವಿಭಕ್ತಿ ಪ್ರತ್ಯಯ.
— ಧಾರವಾಡದಿಂದ

ಕುದುರೆ ಅಂದರೆ ಹಳೇ ಕೋವಿಯಲ್ಲಿ ಹಿಂದಕ್ಕೆ ಎಳೆದು ನಿಲ್ಲಿಸುವ ಭಾಗ. ಬೆರಳಲ್ಲಿ ಎಳೆಯುವುದು ಅದಲ್ಲ. ಮಗುವಿನ ಜೀವದ ವಿಷಯದಲ್ಲಿ ಭಾಗದ ಹೆಸರನ್ನೇ ತಪ್ಪು ಬರೆಯುವುದು ಯಾವ ಕನ್ನಡಾಭಿಮಾನ?
— ಮೈಸೂರಿನಿಂದ

ಟ್ರಿಗರ್ ಅಂತಲೇ ಇಡುತ್ತೇನೆ. ಪಿಸ್ತೂಲಿಗೆ ಮಡಿಕೇರಿಯವರ ಎರಡು ಮಾತುಗಳನ್ನೂ ತೆಗೆದುಕೊಂಡೆ. ಉದ್ದವಾದರೂ ಪರವಾಗಿಲ್ಲ, ಗಟ್ಟಿಯಾಗಿ ಓದಿದಾಗ ತಿಳಿಯುತ್ತದೆ. ಇನ್ನೊಂದು: ‘ಸೇಫ್ ಸ್ಟೋರೇಜ್’ಗೆ ‘ಬೀಗ ಹಾಕಿಡುವುದು’ ಸಾಕಾ?
— ಎಡಿಸನ್‌ನಿಂದ

ಸಾಲದು. ‘ಗುಂಡು ತೆಗೆದು ಬೀಗ ಹಾಕಿ, ಗುಂಡುಗಳನ್ನು ಬೇರೆ ಬೀಗದಲ್ಲಿಡಿ’ ಅಂತ ಪೂರ್ತಿ ಬರೆಯಿರಿ. ಬರೀ ಬೀಗ ಅಂದರೆ ಗುಂಡು ತುಂಬಿದ್ದನ್ನೇ ಬೀರುವಿಗಿಟ್ಟು, ಕೀ ಅಲ್ಲೇ ಮೊಳೆಗೆ ನೇತುಹಾಕುತ್ತಾರೆ.
— ಮಡಿಕೇರಿಯಿಂದ