ಆ್ಯಂಟಿಬಯೋಟಿಕ್‌ಗೆ ಒಗ್ಗಿಹೋಗೋದು ಯಾರು?

ಪ್ರಶ್ನೆ: ಮೇಡಂ, ಜೀವವಿಕಾಸ ಅಂದರೆ ಡೈನೋಸಾರ್, ಪಳೆಯುಳಿಕೆ ಅಂತ ಶಾಲೆಯಲ್ಲಿ ಓದಿದ್ದಷ್ಟೇ ನೆನಪು. ದಿನನಿತ್ಯದ ಬದುಕಿಗೆ ಅದರಿಂದ ಏನಾದರೂ ಉಪಯೋಗ ಇದೆಯಾ? ಇನ್ನೊಂದು ಸಂಶಯ. ಆ್ಯಂಟಿಬಯೋಟಿಕ್ ಪದೇ ಪದೇ ತಗೊಂಡರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ ಅಂತಾರೆ, ನಿಜವಾ?

ಉತ್ತರ (ಸೂಕ್ಷ್ಮಜೀವಿ ತಜ್ಞೆ): ನಿಮ್ಮ ಸಂಶಯದಲ್ಲೇ ಮೊದಲ ಪ್ರಶ್ನೆಗೂ ಉತ್ತರ ಇದೆ. ಒಗ್ಗುವುದು ನಿಮ್ಮ ಮೈ ಅಲ್ಲ, ಬ್ಯಾಕ್ಟೀರಿಯಾ. ಅದೂ ಔಷಧಿ ನೋಡಿ ಕಲಿತು ಗಟ್ಟಿಯಾಗುವುದಲ್ಲ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಎಲ್ಲೋ ಒಂದೆರಡರ ಜೀನ್ ಆಕಸ್ಮಿಕವಾಗಿ ಬದಲಾಗಿರುತ್ತದೆ. ಮಾತ್ರೆ ನುಂಗಿದಾಗ ಮಿಕ್ಕವು ಸಾಯುತ್ತವೆ, ಇವು ಉಳಿಯುತ್ತವೆ. ಆಮೇಲೆ ಜಾಗ, ಆಹಾರ ಎಲ್ಲ ಇವಕ್ಕೇ. ಇದೇ ಜೀವವಿಕಾಸ. ಅನುಕೂಲ ಇದ್ದರೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. 10 ಗಂಟೆ ಹೀಗೇ ನಡೆದರೆ ಒಂದು ಹೋಗಿ 100 ಕೋಟಿ ದಾಟುತ್ತವೆ! ಸಾಲದ್ದಕ್ಕೆ, ಆ ಜೀನನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು. ಹಾಗಾಗಿ ಜನ್ಮದಲ್ಲಿ ಆ್ಯಂಟಿಬಯೋಟಿಕ್ ಮುಟ್ಟದವರಿಗೂ ಔಷಧಿಗೆ ಬಗ್ಗದ ಸೋಂಕು ತಗಲಬಹುದು.

ನೆಗಡಿ, ಫ್ಲೂ ಬಂದಾಗ ಸುಮ್ನೆ ಆ್ಯಂಟಿಬಯೋಟಿಕ್ ನುಂಗಬೇಡಿ. ಅವು ವೈರಸ್‌ನಿಂದ ಬರುವಂಥವು, ಅದಕ್ಕೆ ಈ ಮಾತ್ರೆ ನಾಟುವುದಿಲ್ಲ. ಆದರೆ ಕರುಳಲ್ಲಿ ತಮ್ಮ ಪಾಡಿಗೆ ಇರುವ ಬ್ಯಾಕ್ಟೀರಿಯಾಗಳ ಮೇಲೆ ಏಟು ಬೀಳುತ್ತದೆ, ಅಲ್ಲೂ ಗಟ್ಟಿಯಾದವೇ ಉಳಿದುಕೊಳ್ಳುತ್ತವೆ. ಮಿಕ್ಕ ಮಾತ್ರೆ ಇನ್ನೊಬ್ಬರಿಗೆ ಕೊಡುವುದೂ ಬೇಡ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಬ್ಯಾಕ್ಟೀರಿಯಾ ಹೀಗೆ ಒಗ್ಗಿಹೋಗುವ ಅಪಾಯದ ಬಗ್ಗೆ ಎಚ್ಚರಿಸಿದ್ದರು. ಎಷ್ಟು ದಿನ ಅನ್ನೋದನ್ನು ಡಾಕ್ಟರೇ ಹೇಳಲಿ. ನೀವಾಗಿ ನಿಲ್ಲಿಸಬೇಡಿ, ಜಾಸ್ತಿ ದಿನ ಎಳೆಯಲೂ ಬೇಡಿ.

ಇನ್ನೊಬ್ಬರ ಪ್ರಶ್ನೆ: ಫ್ಲೂ ಲಸಿಕೆ ವರ್ಷ ವರ್ಷ ಯಾಕೆ ಮೇಡಂ? ದಡಾರಕ್ಕೆ ಹಾಗಿಲ್ಲ ಅಲ್ವಾ?

ಉತ್ತರ: ಇದೂ ವಿಕಾಸದ್ದೇ ಕೆಲಸ. ಫ್ಲೂ ವೈರಸ್‌ನ ಹೊರಮೈ ಪ್ರೋಟೀನ್ ಬದಲಾಗುತ್ತಲೇ ಇರುತ್ತದೆ, ರೋಗಾಣುವನ್ನು ಗುರುತಿಸಿ ತಡೆಯಲು ಮೈ ತಯಾರಿಸಿಕೊಂಡ ಹಳೆಯ ಪ್ರತಿಕಾಯಗಳಿಗೆ ಗುರುತು ಹತ್ತುವುದಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ, ಉತ್ತರಾರ್ಧ ಗೋಳಕ್ಕೊಮ್ಮೆ, ದಕ್ಷಿಣಾರ್ಧಕ್ಕೊಮ್ಮೆ, ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಶಿಫಾರಸು ಮಾಡುತ್ತದೆ. ಲಸಿಕೆಯ ಬಲವೂ ತಿಂಗಳು ಕಳೆದಂತೆ ಇಳಿಯುತ್ತದೆ. ದಡಾರದ ವೈರಸ್ಸೂ ಬದಲಾಗುತ್ತದೆ. ಆದರೆ ಅದರ ಹೊರಮೈಯ ಮುಖ್ಯ ಭಾಗಗಳು ಬದಲಾದರೆ ಅದಕ್ಕೆ ನಮ್ಮ ಜೀವಕೋಶದೊಳಗೆ ಹೋಗುವುದೇ ಕಷ್ಟ. ಹಾಗಾಗಿ ಅದಕ್ಕೆ ಹಳೆಯ ಲಸಿಕೆಯೇ ನಾಟುತ್ತದೆ.

ಮೊದಲಿನವರು: ಹಾಗಾದರೆ ಸೋಪಿಗೂ ಬ್ಯಾಕ್ಟೀರಿಯಾ ಒಗ್ಗಿಹೋಗಲ್ವಾ?

ಉತ್ತರ: ಸಾದಾ ಸೋಪಿನ ಬಗ್ಗೆ ಆ ಭಯ ಬೇಡ. ಅದು ಕೊಳೆಯ ಜೊತೆ ಕ್ರಿಮಿಗಳನ್ನೂ ಚರ್ಮದಿಂದ ಬಿಡಿಸಿ ನೀರಲ್ಲಿ ಕೊಚ್ಚಿಹಾಕುತ್ತದೆ. ಟ್ರೈಕ್ಲೋಸಾನ್‌ನಂಥ ಕ್ರಿಮಿನಾಶಕ ಬೆರೆಸಿದ ಸೋಪಿನ ಕಥೆ ಬೇರೆ. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಇವೆ. ಸಾದಾ ಸೋಪಿಗಿಂತ ಇಂಥ ಸೋಪು ಮೇಲು ಅಂತ ತಯಾರಕರು ತೋರಿಸಲಿಲ್ಲ ಅಂತ 2016ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಇಂಥ ಸೋಪುಗಳಲ್ಲಿ ಹಾಕದಂತೆ ತಡೆಯಿತು. ಸಾದಾ ಸೋಪಲ್ಲೇ ಚೆನ್ನಾಗಿ ಉಜ್ಜಿ ತೊಳೆಯಿರಿ.