ನೂರಕ್ಕೆ ನೂರು ಅರೇಬಿಕಾ

"ನಮ್ಮ ಮನೆಯ ಕಾಫಿ ನೂರಕ್ಕೆ ನೂರು ಅರೇಬಿಕಾ ಬೀಜದ್ದು, ರೊಬಸ್ಟಾ ಹೊಸ್ತಿಲು ದಾಟುವಂತಿಲ್ಲ" ಎಂದು ನಿವೃತ್ತ ಬ್ಯಾಂಕ್ ಮ್ಯಾನೇಜರರು ಘೋಷಿಸಿದಾಗ, ಮೂಡಿಗೆರೆಯಿಂದ ಬಂದಿದ್ದ ತೋಟದ ಮಿತ್ರರು ಲೋಟವನ್ನು ಕೆಳಗಿಟ್ಟು, ಪುಡಿ ಮಾಡುವ ಮೊದಲಿನ ಬೀಜವನ್ನು ಒಮ್ಮೆ ತೋರಿಸಬಹುದೇ ಎಂದು ಬಹಳ ವಿನಯದಿಂದ ಕೇಳಿದರು. ಆ ವಿನಯದಲ್ಲೇನೋ ಅಪಾಯವಿದೆ ಎಂದು ಮೇಷ್ಟರಿಗೂ ನನಗೂ ಆಗಲೇ ಅನ್ನಿಸಿತ್ತು.

ಹುರಿದ ಬೀಜವನ್ನು ದಿನಪತ್ರಿಕೆಯ ಮೇಲೆ ಸುರಿದದ್ದಾಯಿತು. ತೋಟದವರು ಎರಡು ಬೀಜಗಳನ್ನು ಆರಿಸಿ ಪಕ್ಕಪಕ್ಕದಲ್ಲಿಟ್ಟರು. ಒಂದು ಉದ್ದನೆಯ ಅಂಡಾಕಾರದ್ದು, ಅದರ ನಡುವಿನ ಸೀಳು ಹಾವು ಹರಿದಂತೆ ಸ್ವಲ್ಪ ಬಳುಕಿತ್ತು. ಇನ್ನೊಂದು ಗಿಡ್ಡಗೆ, ದುಂಡಗೆ, ನಡುವೆ ನೇರವಾದ ಗೀರು. "ಬಳುಕಿದ್ದು ಅರೇಬಿಕಾ, ನೆಟ್ಟಗಿರುವುದು ರೊಬಸ್ಟಾ. ನಿಮ್ಮ ನೂರರಲ್ಲಿ ಮೂವತ್ತಾದರೂ ನೆಟ್ಟಗಿವೆ" ಎಂದರು. ಮ್ಯಾನೇಜರರು ಕನ್ನಡಕ ಒರೆಸಿಕೊಂಡು ನೋಡಿದರು. ಒರೆಸಿದ ಮೇಲೂ ಸೀಳುಗಳು ನೆಟ್ಟಗೇ ಇದ್ದವು.

"ಹಾಗಾದರೆ ಅಂಗಡಿಯವನು ನನಗೆ ಕೀಳು ಮಾಲು ಕೊಟ್ಟನೇ?" ಎಂಬ ಆರ್ತನಾದಕ್ಕೆ ತೋಟದವರ ಉತ್ತರ ಯಾರೂ ನಿರೀಕ್ಷಿಸದ ದಿಕ್ಕಿನಲ್ಲಿತ್ತು. "ಹಣ ಹೆಚ್ಚು ತೆಗೆದುಕೊಂಡಿದ್ದಾನೆ, ಅದು ನಿಜ. ಆದರೆ ಈಗಷ್ಟೇ ನೀವು ಹೊಗಳಿಕೊಂಡ ಗಟ್ಟಿ ಡಿಕಾಕ್ಷನ್ ಇದೆಯಲ್ಲ, ಅದು ಆ ಮೂವತ್ತರ ಪುಣ್ಯ. ಅರೇಬಿಕಾದಲ್ಲಿ ಸಕ್ಕರೆಯ ಅಂಶವೂ ಎಣ್ಣೆಯ ಅಂಶವೂ ಹೆಚ್ಚು. ಆದ್ದರಿಂದಲೇ ಅದಕ್ಕೆ ಆ ಪರಿಮಳ, ಆ ತೆಳುವಾದ ಹುಳಿ. ಅಷ್ಟೆಲ್ಲ ಇರುವ ಬೀಜಕ್ಕೆ ಚಿಕೋರಿ ಬೆರೆಸಿ, ಅರ್ಧ ಲೋಟ ಹಾಲು ಸುರಿದು, ಎರಡು ಚಮಚ ಸಕ್ಕರೆ ಹಾಕಿದರೆ ಪರಿಮಳವೆಲ್ಲಿ ಉಳಿಯಬೇಕು? ಹಾಲಿನೊಳಗಿಂದಲೂ ತಲೆಯೆತ್ತುವ ತಾಕತ್ತು ರೊಬಸ್ಟಾದ ಕಹಿಗೆ ಮಾತ್ರ ಇದೆ. ಇಟಲಿಯವರೂ ಎಸ್ಪ್ರೆಸೊದ ಮೇಲೆ ನೊರೆ ದಟ್ಟವಾಗಿ ನಿಲ್ಲಲೆಂದು ಅದನ್ನು ಬೆರೆಸುತ್ತಾರೆ."

ಚಿಕೋರಿ ಮಿಶ್ರಣದಲ್ಲಿ ನೂರಕ್ಕೆ ಕನಿಷ್ಠ 51 ಭಾಗ ಕಾಫಿ ಇರಲೇಬೇಕೆಂದು ಕಾನೂನು ಹೇಳುತ್ತದೆಯೇ ಹೊರತು ಆ ಕಾಫಿ ಯಾವ ಕುಲದ್ದೆಂದು ಕೇಳುವುದಿಲ್ಲ ಎಂದು ಮೇಷ್ಟರು ಮಧ್ಯೆ ಸೇರಿಸಿದರು. ರಾತ್ರಿ ಒಂಬತ್ತಕ್ಕೆ ಕಾಫಿ ಕುಡಿದು ಎರಡರವರೆಗೆ ಸೂರು ನೋಡುತ್ತ ಮಲಗುವ ಅವರಿಗೆ ಬೇರೊಂದು ಅನುಮಾನವಿತ್ತು. ಅದಕ್ಕೂ ಉತ್ತರ ದೊರೆಯಿತು: ಅರೇಬಿಕಾದಲ್ಲಿ ಕೆಫೀನ್ ತೂಕದ ಶೇಕಡ 1.2ರಿಂದ 1.5ರಷ್ಟಿದ್ದರೆ ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟಿರುತ್ತದೆ. ಮೇಷ್ಟರ ನಿದ್ರಾಹೀನತೆಗೆ ಇದುವರೆಗೆ ಸೊಸೆಯ ಟಿ.ವಿ.ಯೇ ಕಾರಣವೆಂದು ದಾಖಲಾಗಿತ್ತು.

ಕೃಷಿಯ ಮಾತು ಬಂದೊಡನೆ ತೋಟದವರ ದನಿ ಬದಲಾಯಿತು. "ಅರೇಬಿಕಾ ಎಂದರೆ ಹಬ್ಬಕ್ಕೆ ಬಂದ ಹೊಸ ಅಳಿಯ. ಸಾವಿರ ಮೀಟರಿಗೂ ಎತ್ತರದ ಜಾಗ ಬೇಕು, ತಂಪು ಬೇಕು, ದಟ್ಟ ನೆರಳು ಬೇಕು. ಇಷ್ಟೆಲ್ಲ ಮಾಡಿದರೂ ಎಲೆಗೆ ತುಕ್ಕು ರೋಗ, ಕಾಂಡಕ್ಕೆ ಬಿಳಿ ಕೊರಕ. ಆ ಕೊರಕ ಮೊಟ್ಟೆಯಿಡದಂತೆ ಕಾಂಡದ ಒರಟು ತೊಗಟೆಯನ್ನು ಗಿಡಗಿಡಕ್ಕೂ ಕೂತು ಉಜ್ಜಿಸಬೇಕು. ನನ್ನ ಬೆನ್ನನ್ನು ಯಾರೂ ಹಾಗೆ ಉಜ್ಜಿದ್ದಿಲ್ಲ. ಹಣ್ಣಾದೊಡನೆ ಕೊಯ್ಯದಿದ್ದರೆ ನೆಲಕ್ಕೆ ಉದುರುತ್ತದೆ. ರೊಬಸ್ಟಾ ಕೆಳಗಿನ ಸೆಕೆಯಲ್ಲೂ ಬೆಳೆಯುತ್ತದೆ, ಕೊರಕ ಅದರ ತಂಟೆಗೆ ಬರುವುದಿಲ್ಲ, ಆಳು ಸಿಗುವವರೆಗೂ ಹಣ್ಣು ಗಿಡದಲ್ಲೇ ಕಾದಿರುತ್ತದೆ. ಅದರ ಹಟ ಒಂದೇ, ಸರಿಯಾದ ಹೊತ್ತಿಗೆ ಹೂಮಳೆ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹಿಡಿದು ನಾವೇ ಮಳೆರಾಯರಾಗಬೇಕು." ಹಾಗೆ ನೋಡಿದರೆ ನಮ್ಮ ದೇಶದ ಬೆಳೆಯಲ್ಲಿ ಹೆಚ್ಚಿನ ಪಾಲು ರೊಬಸ್ಟಾದ್ದೇ ಆಗಿರುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಬಡವರ ಬೀಜ ಎನ್ನುತ್ತಿದ್ದವರೂ 2024ರಲ್ಲಿ ಬೆಲೆ ದಾಖಲೆಯ ಮಟ್ಟಕ್ಕೇರಿದಾಗ ಆ ಮಾತನ್ನು ನುಂಗಿಕೊಂಡರು.

ಮ್ಯಾನೇಜರರು ಕೊನೆಯ ಅಸ್ತ್ರವಾಗಿ ವಂಶವನ್ನು ಎತ್ತಿದರು: "ಏನೇ ಹೇಳಿ, ಬಾಬಾಬುಡನ್ ಗಿರಿಗೆ ಬಂದದ್ದು ಅರೇಬಿಕಾ. ಕುಲೀನ ತಳಿ." ಇದು ಎತ್ತಬಾರದ ಮಾತಾಗಿತ್ತು. ಏಕೆಂದರೆ ಅರೇಬಿಕಾ ಹುಟ್ಟಿದ್ದೇ ಬಹಳ ಹಿಂದೆ ಆಫ್ರಿಕದ ಕಾಡಿನಲ್ಲಿ ರೊಬಸ್ಟಾದ ಕುಲವೂ ಯೂಜಿನಿಯಾಯ್ಡಿಸ್ ಎಂಬ ಇನ್ನೊಂದು ಕುಲವೂ ತಾವಾಗಿಯೇ ಬೆರೆತದ್ದರಿಂದ. ರೊಬಸ್ಟಾಕ್ಕೆ 22 ವರ್ಣತಂತುಗಳಿದ್ದರೆ ಅರೇಬಿಕಾಕ್ಕೆ 44 ಇರುವುದು ಆ ಎರಡು ಮನೆಗಳ ಆಸ್ತಿಯೂ ಸೇರಿದ್ದರಿಂದಲೇ. "ಅಂದರೆ ನೀವು ಇಷ್ಟು ವರ್ಷ ಮಗಳಿಗೆ ಆರತಿ ಎತ್ತಿ, ಹೆತ್ತವರನ್ನು ಹೊಸ್ತಿಲಾಚೆ ನಿಲ್ಲಿಸಿದ್ದಿರಿ" ಎಂದು ಮೇಷ್ಟರು ಸಾರಾಂಶ ನೀಡಿದರು. ಇದಲ್ಲದೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಹೆಸರಾಂತ ಅರೇಬಿಕಾ ತಳಿ ಎಸ್. 795ರಲ್ಲಿ ಲೈಬೀರಿಕಾದ ರಕ್ತವೂ ಇದೆಯೆಂದು ತೋಟದವರು ತಿಳಿಸಿದಾಗ, ಮರದಷ್ಟೆತ್ತರ ಬೆಳೆಯುವ, ದಪ್ಪ ಹಣ್ಣು ಬಿಡುವ ಆ ಮತ್ತೊಂದು ಕಾಫಿ ಕುಲದ ಬಗ್ಗೆ ಏನನ್ನೂ ಕೇಳುವ ಧೈರ್ಯ ಮ್ಯಾನೇಜರರಿಗೆ ಉಳಿದಿರಲಿಲ್ಲ.

"ಅದಿರಲಿ, ಎರಡನ್ನೂ ಬೆಳೆಯುವ ನೀವು ಮನೆಯಲ್ಲಿ ಕುಡಿಯುವುದು ಯಾವುದನ್ನು?" ಎಂದು ನಾನು ಕೇಳಿದೆ.

"ದೊಡ್ಡ ಬೀಜ, ಅಂದರೆ ಎಎ ದರ್ಜೆಯದ್ದು, ಹಡಗು ಹತ್ತುತ್ತದೆ. ಪೀಬೆರಿ, ಅಂದರೆ ಹಣ್ಣಿನೊಳಗೆ ಒಂಟಿಯಾಗಿ ದುಂಡಗೆ ಬೆಳೆದ ಬೀಜ, ಇವರಂಥವರ ಮನೆ ಸೇರುತ್ತದೆ. ಜರಡಿಯ ಕೊನೆಯಲ್ಲಿ ಕಪ್ಪು, ಕಂದು, ಒಡಕಲು ಎಂದು ಒಂದಿಷ್ಟು ಉಳಿಯುತ್ತದೆ, ಅದರಲ್ಲಿ ಯಾವ ಕುಲ ಎಷ್ಟಿದೆಯೆಂದು ನಮ್ಮವಳು ಈವರೆಗೆ ಎಣಿಸಿಲ್ಲ" ಎಂದ ತೋಟದವರು, ಮ್ಯಾನೇಜರರ ಮನೆಯ ಕಾಫಿಯನ್ನು ಇನ್ನೊಂದು ಲೋಟ ಕೇಳಿದರು.